ನಾಲ್ಕನೇ ಡ್ರಮ್ಮಿಗೆ ಹಾಕಿದ ಹಾರ

ಮೊನ್ನೆ ತಂಗಿಯ ಮೊಮ್ಮಗಳ ಮದುವೆ ಮಾತುಕತೆಗೆಂದು ಶಿವಮೊಗ್ಗದಿಂದ ಭದ್ರಾವತಿ ಬಸ್ಸು ಹತ್ತಿದ್ದೆ. ಮಲವಗೊಪ್ಪ ದಾಟುವ ಹೊತ್ತಿಗೆ ಬಸ್ಸು ನಿಂತುಬಿಟ್ಟಿತು. ರಸ್ತೆಯ ಪಕ್ಕ ಉದ್ದಕ್ಕೂ ಅಗೆದಿದ್ದರು. ಕಿಟಕಿಯಿಂದ ನೋಡಿದರೆ ಆಳೆತ್ತರದ ಕೇಬಲ್ ಡ್ರಮ್ಮೊಂದನ್ನು ಕೆಸರಿನಲ್ಲಿ ಮಗ್ಗುಲಿಗೆ ಕೆಡವಿದ್ದಾರೆ, ಅದನ್ನೇ ಕಟ್ಟೆ ಮಾಡಿಕೊಂಡು ಇಬ್ಬರು ಚಿತ್ರಾನ್ನ ತಿನ್ನುತ್ತಿದ್ದಾರೆ. ಕಂಡಕ್ಟರ್ ಬೇಡ ಅಂದರೂ ಇಳಿದು ಹೋದೆ.

"ಡ್ರಮ್ಮು ಮಲಗಿಸಬಾರದು ಕಣ್ರಪ್ಪ, ನಿಲ್ಲಿಸಬೇಕು. ಮಲಗಿಸಿದ್ರೆ ಸುತ್ತು ಸಡಿಲಾಗಿ ಒಂದರೊಳಗೊಂದು ಸಿಕ್ಕಾಗುತ್ತೆ."

ಒಬ್ಬ ತಲೆ ಎತ್ತಿದ. "ತಾತಾ, ಇದು ಪ್ಲಾಸ್ಟಿಕ್ ಕೇಬಲ್ಲು. ಏನೂ ಆಗಲ್ಲ. ನಿಮ್ ಬಸ್ ಹೊರಟುಬಿಡುತ್ತೆ ನೋಡಿ."

ಬಸ್ಸೇನೂ ಹೊರಡಲಿಲ್ಲ. ಆದರೆ ಪಕ್ಕದಲ್ಲೇ ಒಂದು ಡಬ್ಬದಲ್ಲಿ ಡಾಂಬರು ಕುದಿಯುತ್ತಿತ್ತು. ಬಿಸಿ ಡಾಂಬರು, ಒದ್ದೆ ಮರ, ಸೀಮೆಎಣ್ಣೆ, ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಂದೆ ಭದ್ರಾವತಿ ಮುಟ್ಟುವ ತನಕ ನಾನು ಆ ಬಸ್ಸಿನಲ್ಲಿ ಇರಲಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಆ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನ ಮಂಡಿಗಳಲ್ಲಿ ಹಮಾಲಿ. ಆತ ಹೋದ ಮೇಲೆ ಅದೇ ಮೂಟೆಗಳಿಗೆ ನಾನು ಬೆನ್ನು ಕೊಟ್ಟೆ. ನಾಚಿಕೆಯಿಂದ ಹೇಳುತ್ತಿಲ್ಲ. ಅಕ್ಕಿ ಮೂಟೆ ಹೊತ್ತು ಒಂದೇ ಉಸಿರಿಗೆ ಅಟ್ಟ ಹತ್ತುತ್ತಿದ್ದವನು ಆ ಬಜಾರಿನಲ್ಲಿ ನಾನೊಬ್ಬನೇ. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸಿನಲ್ಲಿ, ಭದ್ರಾವತಿಯ ಒಂದು ಕಾರ್ಖಾನೆಗೆ ಹೊಸ ಶೆಡ್ಡು ಏಳುತ್ತಿದೆ, ಗುತ್ತಿಗೆದಾರರು ಗಟ್ಟಿ ಆಳುಗಳನ್ನು ಹುಡುಕುತ್ತಿದ್ದಾರೆ ಅಂತ ಗೊತ್ತಾಗಿ ಹೋಗಿ ಸೇರಿಕೊಂಡೆ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು.

ನಾನು ಸೇರಿ ಹದಿನೈದು ದಿನಕ್ಕೆ ಲಾರಿಗಳಲ್ಲಿ ಆರು ಡ್ರಮ್ಮು ಕೇಬಲ್ ಬಂತು. ಒಂದೊಂದೂ ಆನೆ ಮರಿಯ ಹಾಗೆ. ಲಾರಿ ಡ್ರೈವರ್, "ಕೆಳಗೆ ಹಳೇ ಟೈರು ಹಾಕಿ ಮೇಲಿಂದ ದೂಡಿಬಿಡ್ರಿ" ಅಂದ. ಎಲ್ಲರೂ ಟೈರು ತರಲು ಓಡಿದರು. ನಾನು ಒಲ್ಲೆ ಅಂದೆ. ರೈಲು ಹಳಿಯಡಿ ಹಾಕುವ ಹಳೇ ಮರದ ಸ್ಲೀಪರುಗಳನ್ನು ಲಾರಿಗೆ ಇಳಿಜಾರಾಗಿ ಒಡ್ಡಿ, ಡ್ರಮ್ಮಿಗೆ ಹಗ್ಗ ಬಳಸಿ, ಹಗ್ಗದ ಇನ್ನೊಂದು ತುದಿಯನ್ನು ಆಚೆಯ ಹುಣಿಸೆ ಮರಕ್ಕೆ ಎರಡು ಸುತ್ತು ಹಾಕಿ ಅಷ್ಟಷ್ಟೇ ಬಿಡುತ್ತಾ ಬಂದೆ. ಮಧ್ಯಾಹ್ನದ ಸೈರನ್ ಕೂಗುವಷ್ಟರಲ್ಲಿ ಆರೂ ನೆಲಕ್ಕೆ ಬಂದಿದ್ದವು. ಒಂದರ ಹಲಗೆಯೂ ಸೀಳಿರಲಿಲ್ಲ.

ಓವರ್‌ಸಿಯರ್ ಶೇಷಗಿರಿಯವರು ಛತ್ರಿ ಹಿಡಿದು ನಿಂತು ಎಲ್ಲ ನೋಡುತ್ತಿದ್ದರು. "ಏನಯ್ಯ, ಎಲ್ಲಿ ಕಲಿತೆ ಇದನ್ನ?"

"ಮಂಡೀಲಿ ಎಣ್ಣೆ ಪೀಪಾಯಿ ಹಿಂಗೇ ಇಳಿಸ್ತೀವಿ ಸಾರ್."

"ಹೆಸರು?"

"ರುದ್ರಪ್ಪ."

"ಇವತ್ತಿಂದ ಕೇಬಲ್ ಯಾರ್ಡು ನಿನ್ನ ಚಾರ್ಜು ರುದ್ರಪ್ಪ."

ಚಾರ್ಜು! ಆ ಒಂದು ಮಾತು ನನ್ನ ತಲೆಗೆ ಹೇಗೆ ಏರಿತೆಂದು ಈಗ ನಗು ಬರುತ್ತದೆ. ಅಂದು ಸಂಜೆ ರೈಲಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ.

ಕೇಬಲ್ ಅಂದರೇನು ಎಂದು ನನಗೆ ಬಿಡಿಸಿ ತೋರಿಸಿದವರು ಮುನುಸ್ವಾಮಿ ಮೇಸ್ತ್ರಿ. ಸೇಲಂ ಕಡೆಯವರು. ಕೇಬಲ್ಲಿಗೆ ಕೇಬಲ್ ಬೆಸೆಯುವ ಜಾಯಿಂಟರ್. ಅರವತ್ತು ದಾಟಿದ ಜೀವ, ಒಣಕಲು ಮೈ, ಮಾತು ಕಡಮೆ. ಮೊದಲ ವಾರವೇ ಗೇಣುದ್ದದ ಕೇಬಲ್ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಿಪ್ಪೆ ಸಿಪ್ಪೆಯಾಗಿ ಸುಲಿದರು. ಮೇಲೆ ಡಾಂಬರು ಮೆತ್ತಿದ ಸೆಣಬು. ಅದರಡಿ ಒತ್ತೊತ್ತಾಗಿ ಸುತ್ತಿದ ಉಕ್ಕಿನ ತಂತಿ. ಅದರಡಿ ಸೀಸದ ಕೊಳವೆ. ಅದರೊಳಗೆ ಎಣ್ಣೆ ಕುಡಿದ ಕಾಗದದ ಪಟ್ಟಿಗಳು, ಸುತ್ತಿನ ಮೇಲೆ ಸುತ್ತು. ಕಟ್ಟಕಡೆಗೆ ತಾಮ್ರ.

"ಪಾತ್ತಿಯಾ ತಂಬಿ, ನೋಡಿದ್ಯಾ? ಹೊರಗೆ ನೋಡಿದ್ರೆ ಉಕ್ಕು. ಒಳಗೆ ಏನು? ಕಾಗದ. ಕಾಗದಕ್ಕೆ ಯಾರು ಶತ್ರು?"

"ನೀರು."

"ಅಷ್ಟೇ. ಒಂದು ಸೂಜಿ ತೂತು ಸಾಕು. ನೀರು ಒಳಗೆ ಹೋಗಿ ಕೂತ್ಕೊಳ್ತದೆ. ಕರೆಂಟು ಬಿಟ್ಟ ದಿನ ಢಮಾರ್. ಹತ್ರ ಇದ್ದೋನು ಮನೆಗೆ ಹೋಗಲ್ಲ."

ಅಂದಿನಿಂದ ಆ ಆರು ಡ್ರಮ್ಮುಗಳನ್ನು ನಾನು ಸಾಕಿದೆ ಅಂದರೆ ತಪ್ಪಲ್ಲ. ಬರಿ ನೆಲದ ಮೇಲೆ ಬಿಡದೆ ಸ್ಲೀಪರುಗಳ ಮೇಲೆ ನಿಲ್ಲಿಸಿದೆ, ಮಳೆ ನೀರು ಅಡಿಯಿಂದ ಹರಿದು ಹೋಗಲಿ ಅಂತ. ಉರುಳದ ಹಾಗೆ ಎರಡೂ ಕಡೆ ಮರದ ಬೆಣೆ ಕೊಟ್ಟೆ. ಡ್ರಮ್ಮಿನ ಮೇಲೆ ಬರೆದ ಇಂಗ್ಲಿಷು ನನಗೆ ಬಾರದು, ಆದರೆ ಅಲ್ಲೊಂದು ಬಾಣದ ಗುರುತು ಇತ್ತು. ಹೊರಳಿಸಿದರೆ ಬಾಣದ ಕಡೆಗೇ ಹೊರಳಿಸಬೇಕು, ಉಲ್ಟಾ ಹೊರಳಿಸಿದರೆ ಸುತ್ತು ಸಡಿಲಾಗುತ್ತದೆ. ಕೇಬಲ್ಲಿನ ಎರಡೂ ತುದಿಗೆ ಸೀಸದ ಟೊಪ್ಪಿ ಬೆಸೆದಿದ್ದರು. ಬೆಳಿಗ್ಗೆ ಹೋದ ತಕ್ಷಣ ಹನ್ನೆರಡೂ ಟೊಪ್ಪಿಗಳನ್ನು ಕೈಯಿಂದ ಮುಟ್ಟಿ ನೋಡಿದ ಮೇಲೇ ನನ್ನ ಬುತ್ತಿ ಗಂಟು ಬಿಚ್ಚುತ್ತಿದ್ದದ್ದು. ಯಾರಾದರೂ ಡ್ರಮ್ಮಿಗೆ ಹಾರೆ ಒರಗಿಸಿದರೆ ಬೈಗುಳ ಶುರು.

"ಏನ್ ಮಾರಾಯಾ," ಅನ್ನುತ್ತಿದ್ದ ಹಾಲೇಶ. ನನ್ನ ಜೊತೆಯಲ್ಲೇ ಸೇರಿದವನು, ಹೊಳೆಹೊನ್ನೂರು ಕಡೆಯವನು, ಬಾಯಿ ಜೋರು. "ಕಟ್ಕೊಂಡ ಹೆಂಡ್ತೀನೂ ಯಾರೂ ಇಷ್ಟು ಸಲ ಮುಟ್ಟಿ ನೋಡಲ್ಲ. ನಿನಗೆ ಹೆಣ್ಣು ಕೊಡೋರು ಮೊದ್ಲು ಈ ಆರು ಸವತೀರ್ನ ನೋಡ್ಕೊಂಡು ಹೋಗ್ಲಿ."

ನಗಲಿ ಅಂತ ಬಿಟ್ಟೆ. ಪುಷ್ಯ ಆಶ್ಲೇಷ ಮಳೆಗಳು ಜಡಿದವು, ಭದ್ರೆ ಕೆಂಪಗಾದಳು, ಕಾರ್ಖಾನೆಯ ಹೊಗೆ ಮೇಲೇಳಲಾರದೆ ನಮ್ಮ ತಲೆಯ ಮೇಲೇ ಕೂತಿತು. ನನ್ನ ಯಾರ್ಡಿನಲ್ಲಿ ಮಾತ್ರ ಒಂದು ಹನಿ ನಿಲ್ಲಲಿಲ್ಲ.

ಹಾಗೇ ಆಯುಧಪೂಜೆ ಬಂತು.

ಭದ್ರಾವತಿಯಲ್ಲಿ ಆಯುಧಪೂಜೆ ಅಂದರೆ ಆ ಕಾಲಕ್ಕೆ ಪೈಪೋಟಿ. ಫಿಟ್ಟರುಗಳು ಲೇತಿಗೆ ಬಾಳೆಕಂದು ಕಟ್ಟಿದರೆ, ಕ್ರೇನಿನವರು ಕ್ರೇನಿನ ತುದಿಗೇ ಹಾರ ಏರಿಸುತ್ತಿದ್ದರು. ಮಂಡಕ್ಕಿ ಹಂಚುವುದರಲ್ಲೂ ನಮ್ಮದು ಜಾಸ್ತಿ ನಿಮ್ಮದು ಜಾಸ್ತಿ. ನನ್ನ ಯಾರ್ಡು ಹಿಂದೆ ಬೀಳುವುದುಂಟೆ? ಶಿವಮೊಗ್ಗದ ಹೂವಿನ ಅಂಗಡಿಯಿಂದ ಎರಡು ಕುಕ್ಕೆ ಚೆಂಡು ಹೂವು ತಂದೆ. ಆರೂ ಡ್ರಮ್ಮಿಗೆ ವಿಭೂತಿ ಎಳೆದು ಕುಂಕುಮ ಇಟ್ಟೆ. ನಾಲ್ಕನೆಯದು ಗೇಟಿನ ಎದುರಿಗೇ ಇತ್ತು, ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಅದಕ್ಕೊಂದು ದೊಡ್ಡ ಹಾರ. ಗುಂಡನೆಯ ಹಲಗೆಯ ಮೇಲೆ ಹಾರ ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ಬಡಗಿಯ ಹತ್ತಿರ ಒಂದು ಮೂರಿಂಚಿನ ಮೊಳೆ ಈಸಿಕೊಂಡು ಹಲಗೆಯ ನಡುಮಧ್ಯಕ್ಕೆ ಹೊಡೆದೆ, ಹಾರ ಕಟ್ಟಿದೆ. ದೂರ ನಿಂತು ನೋಡಿದೆ. ಅಂಬಾರಿ ಹೊರಲು ನಿಂತ ಆನೆಯ ಹಾಗಿತ್ತು. ಶೇಷಗಿರಿಯವರೂ ಬಂದು, "ಭೇಷ್, ಮೊದಲನೇ ಬಹುಮಾನ ಇದಕ್ಕೇ" ಅಂದರು.

ಮೂರನೇ ದಿನ ಹಾರ ಬಾಡಿತು. ಮೊಳೆ ಕಿತ್ತೆ. ಮೊಳೆಯ ತೂತಿನ ಮೇಲೆ ಕುಂಕುಮ ಮೆತ್ತಿಕೊಂಡಿತ್ತು, ಕಾಣಲಿಲ್ಲ. ಆ ವಾರವೇ ಚಿತ್ತೆ ಮಳೆ ಹಿಡಿಯಿತು.

ಮಳೆ ಎರಡು ದಿನ ಬಿಡುವು ಕೊಟ್ಟದ್ದೇ ಕೇಬಲ್ ಎಳೆಯುವುದೆಂದಾಯಿತು. ಎಳೆಯುವ ಮುಂಚೆ ಮೆಗ್ಗರ್ ಹಚ್ಚಿ ನೋಡುವುದು ಪದ್ಧತಿ. ಕೈಯಲ್ಲಿ ತಿರುಗಿಸುವ ಹಿಡಿ ಇರುವ ಒಂದು ಪೆಟ್ಟಿಗೆ ಅದು. ಒಳಗೆ ತೇವ ಇದ್ದರೆ ಮುಳ್ಳು ಕೆಳಗೆ ಬೀಳುತ್ತದೆ, ಒಣಗಿದ್ದರೆ ಮೇಲೆ ನಿಲ್ಲುತ್ತದೆ. ಅದಕ್ಕೆ ತುದಿಯ ಟೊಪ್ಪಿ ಕತ್ತರಿಸಬೇಕು, ಮತ್ತೆ ಬೆಸೆಯಬೇಕು, ಅರ್ಧ ದಿನ ಹೋಗುತ್ತದೆ. ಶೇಷಗಿರಿಯವರು ಆಕಾಶ ನೋಡಿದರು. ನಾನು ಎದೆ ಮುಂದೆ ಮಾಡಿ, "ನನ್ನ ಡ್ರಮ್ಮಿಗೆ ಪರೀಕ್ಷೆ ಯಾಕೆ ಸಾರ್? ಬಂದ ದಿನ ಹೆಂಗಿದ್ವೋ ಹಂಗೇ ಅವೆ" ಅಂದೆ. ಅವರು ಛತ್ರಿ ಮಡಚುತ್ತಾ, "ಸರಿ, ಎಳೀರಿ" ಅಂದರು.

ಎಷ್ಟು ಚೆನ್ನಾಗಿತ್ತು ಆ ದಿನ! ಮೂರನೆಯ ಮತ್ತು ನಾಲ್ಕನೆಯ ಡ್ರಮ್ಮುಗಳನ್ನು, ಕೇಬಲ್ಲಿಗೆಂದು ಅಗೆದ ಕಾಲುವೆಯ ಮಧ್ಯದ ಜಾಗಕ್ಕೆ ತಂದು, ಹೊಟ್ಟೆಯಲ್ಲಿ ಕಬ್ಬಿಣದ ದಂಡ ತೂರಿಸಿ, ಜಾಕಿಯ ಮೇಲೆ ಎತ್ತಿ ನಿಲ್ಲಿಸಿದೆವು. ಮೂರನೆಯದು ಸಬ್‌ಸ್ಟೇಷನ್ ಕಡೆಗೆ, ನಾಲ್ಕನೆಯದು ಹೊಸ ಶೆಡ್ಡಿನ ಕಡೆಗೆ. ನಲವತ್ತು ಜನ ಹಗ್ಗ ಹಿಡಿದರು. ಹಾಲೇಶ ಒದರುತ್ತಿದ್ದ, "ಜೋರ್ ಲಗಾವ್!" ನಲವತ್ತು ಗಂಟಲು, "ಐಸಾ!" ನಡುನಡುವೆ ಶೇಷಗಿರಿಯವರ ಛತ್ರಿಯ ಮೇಲೂ ಒಂದು ಪದ ಕಟ್ಟಿ ಹಾಕಿದ, ಅವರೇ ನಕ್ಕರು. ಕಪ್ಪು ಕೇಬಲ್ಲು ರೋಲರುಗಳ ಮೇಲೆ ಹಾವಿನ ಹಾಗೆ ಹರಿಯಿತು. ಅಡಿಗೆ ಮರಳು, ಮೇಲೆ ಮರಳು, ಮರಳಿನ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಮಣ್ಣು. ನಡುವಿನ ಜಾಯಿಂಟಿನ ಗುಂಡಿಯೊಂದನ್ನು ತೆರೆದಿಟ್ಟು ಮಿಕ್ಕದ್ದೆಲ್ಲ ಮುಚ್ಚಿದೆವು.

ಮುನುಸ್ವಾಮಿ ಮೇಸ್ತ್ರಿ ಜಾಯಿಂಟು ಮಾಡುವಾಗ ಮತ್ತೆ ತುಂತುರು ಶುರುವಾಯಿತು. ಟಾರ್ಪಾಲು ಕಟ್ಟಿಕೊಂಡು ಎರಡು ದಿನ ಒಳಗೇ ಕೂತರು. ಅವರ ಕೈ ನಡುಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಬೀಡಿ ಹಚ್ಚಲು ಮೂರು ಕಡ್ಡಿ ಗೀರಬೇಕಾಗುತ್ತಿತ್ತು. ಕೆಲಸದಲ್ಲಿ ಮಾತ್ರ ಆ ನಡುಕ ಎಂದೂ ಕಂಡಿರಲಿಲ್ಲ.

ಜಾಯಿಂಟು ಮುಗಿದ ದಿನ ಮೆಗ್ಗರ್ ತಿರುಗಿಸಿದರು. ಮುಳ್ಳು ಎದ್ದಿತು, ಬಿತ್ತು, ಬಿದ್ದಲ್ಲೇ ಉಳಿಯಿತು.

ಶೇಷಗಿರಿಯವರ ಮುಖ ಕಪ್ಪಿಟ್ಟಿತು. "ಎಲ್ಲೋ ನೀರು ಹೋಗಿದೆ. ಮೇಸ್ತ್ರಿ, ಮಳೇಲಿ ಕೆಲಸ ಮಾಡಿದ್ರಿ."

"ನಂ ಜಾಯಿಂಟಲ್ಲಿ ಇಲ್ಲ ಸಾಮಿ."

"ಮತ್ತೆ ಎಲ್ಲಿ? ಕೇಬಲ್ ಹೊಸದು. ರುದ್ರಪ್ಪ, ಡ್ರಮ್ಮು ಸರಿಯಿತ್ತೇನಯ್ಯ?"

"ನನ್ನ ಡ್ರಮ್ಮಲ್ಲಿ ಒಂದು ಗೆರೆ ಬಿದ್ದಿರಲಿಲ್ಲ ಸಾರ್." ಹೇಳಿದವನು ನಾನೇ.

ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿದರು. ಶೇಷಗಿರಿಯವರು ದನಿ ತಗ್ಗಿಸಿ, "ವಯಸ್ಸಾಯ್ತು ಮೇಸ್ತ್ರಿ. ಕೈ ನಡುಗ್ತದೆ. ತಪ್ಪಿಲ್ಲ. ನಾಳೆ ಜಾಯಿಂಟು ಕತ್ತರಿಸಿ ನೋಡೋಣ. ಬೇರೆಯವರನ್ನ ಕರೆಸ್ತೀನಿ. ನೀವು ಊರಲ್ಲಿ ರೆಸ್ಟ್ ತಗೊಳ್ಳಿ" ಅಂದರು. ಮುನುಸ್ವಾಮಿ ಮೇಸ್ತ್ರಿ ಸೀಸ ಕಾಯಿಸುವ ಬ್ಲೋ ಲ್ಯಾಂಪನ್ನು ಒರೆಸತೊಡಗಿದರು. ಆಗಲೇ ಒರೆಸಿ ಆಗಿತ್ತು, ಮತ್ತೆ ಒರೆಸಿದರು.

ಅಂದು ಸಂಜೆ, ಖಾಲಿ ಡ್ರಮ್ಮಿನಿಂದ ಕಿತ್ತು ಹಾಕಿದ್ದ ಹಲಗೆಗಳಲ್ಲಿ ನಾಲ್ಕನ್ನು ಸೌದೆಗೆಂದು ಹೊತ್ತು ಮನೆಗೆ ತಂದೆ. ಅವ್ವ ಬಚ್ಚಲ ಒಲೆಗೆ ಒಂದೊಂದೇ ತುರುಕುತ್ತಿದ್ದಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

"ಲೋ ರುದ್ರಾ, ಕುಂಕುಮ ಇಟ್ಟ ಹಲಗೆ ಒಲೆಗೆ ಹಾಕಬಾರದು ಕಣೋ. ಏನು ಬುದ್ಧಿ ನಿಂದು? ನಾಳೆ ಹೊಳೆಗೆ ಬಿಟ್ಟು ಬಾ." ಅಂದು ಸೆರಗಿನಿಂದ ಅದರ ಕೆಸರು ಒರೆಸಿ ಗೋಡೆಗೆ ಒರಗಿಸಿದಳು.

ಒರೆಸಿದ ಜಾಗದಲ್ಲಿ ತೂತು ಕಂಡಿತು.

ನಾನು ಎದ್ದು ಹೋಗಿ ಗೂಡಿನಲ್ಲಿದ್ದ ಒಂದು ಮೂರಿಂಚಿನ ಮೊಳೆ ತಂದೆ. ಹಾರ ಕಟ್ಟಲು ಬಿಟ್ಟಿದ್ದಷ್ಟೇ ಹೊರಗೆ ಬಿಟ್ಟು, ತೂತಿಗೆ ಇಳಿಸಿದೆ. ಹಲಗೆಯ ಆ ಬದಿಗೆ ಒಂದು ಬೆರಳಗಲ ಮೊಳೆ ಚಾಚಿಕೊಂಡಿತು. ಉಕ್ಕಿನ ಎರಡು ತಂತಿಗಳ ನಡುವೆ ನುಗ್ಗಿ ಸೀಸಕ್ಕೆ ತಾಗಲು ಅಷ್ಟು ಸಾಕು. ಸಾಕೇ ಸಾಕು.

"ಯಾಕೋ, ಮುಖ ಹಂಗಾಯ್ತು?" ಅಂದಳು ಅವ್ವ. ಏನಿಲ್ಲ ಅಂದೆ. ಒಲೆ ಧಗಧಗ ಉರಿಯುತ್ತಿತ್ತು. ಅವ್ವ ನೀರು ಸೇದಲು ಆಚೆ ಹೋದಳು. ಹಲಗೆ ನನ್ನ ಕೈಯಲ್ಲಿತ್ತು. ತುರುಕಿದರೆ ಮುಗಿಯಿತು. ಚಾರ್ಜು ಉಳಿಯುತ್ತದೆ, ಮುದುಕ ಹೇಗೂ ಇವತ್ತಲ್ಲ ನಾಳೆ ಊರಿಗೆ ಹೋಗುವವನೇ. ಹೀಗೆಲ್ಲ ಯೋಚಿಸಿದೆ. ಯೋಚಿಸಲಿಲ್ಲ ಎಂದು ಈಗ ಬರೆದರೆ ಅದು ಸುಳ್ಳು. ಅವ್ವ ಕೊಡ ಇಳಿಸಿ, "ಉಣ್ಣೇಳು" ಅನ್ನುವ ತನಕ ಹಾಗೇ ಕೂತಿದ್ದೆ. ಹಲಗೆ ಸುಡಲಿಲ್ಲ. ಹೇಳುತ್ತೇನೆಂದು ನಿರ್ಧಾರವನ್ನೂ ಮಾಡಲಿಲ್ಲ.

ಬೆಳಿಗ್ಗೆ ರೈಲಿಗೆ ಹೊರಟಾಗ ಹಲಗೆ ಹೆಗಲ ಮೇಲಿತ್ತು. ಹೊಳೆಗೆ ಬಿಡಲಿಕ್ಕೋ ಭದ್ರಾವತಿಗೋ ಎಂದು ಸ್ಟೇಷನ್ ತನಕ ನನಗೇ ಗೊತ್ತಿರಲಿಲ್ಲ.

ನಾನು ಹೋದಾಗ ಜಾಯಿಂಟಿನ ಗುಂಡಿಯ ಸುತ್ತ ಎಲ್ಲರೂ ನಿಂತಿದ್ದರು. ಮುನುಸ್ವಾಮಿ ಮೇಸ್ತ್ರಿ ತಾವು ಮಾಡಿದ ಜಾಯಿಂಟನ್ನು ತಾವೇ ಕತ್ತರಿಸಲು ಗರಗಸ ಹಿಡಿದು ಒಳಗೆ ಇಳಿದಿದ್ದರು.

"ಕತ್ತರಿಸಬೇಡಿ ಮೇಸ್ತ್ರಿ," ಅಂದೆ. "ತೂತು ಅಲ್ಲಿಲ್ಲ. ನಾನು ಹೊಡೆದದ್ದು." ಹಲಗೆ ಇಳಿಸಿ ಶೇಷಗಿರಿಯವರ ಮುಂದೆ ಇಟ್ಟೆ, ಮೊಳೆ ತೂರಿಸಿ ತೋರಿಸಿದೆ.

ಶೇಷಗಿರಿಯವರು ಬಗ್ಗಿ ಆ ಮೊಳೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಸರಿ. ಆದರೆ ಅಷ್ಟುದ್ದದ ಕೇಬಲ್ಲಲ್ಲಿ ಎಲ್ಲಿ ಅಂತ ಅಗೀಲಿ ರುದ್ರಪ್ಪ?"

ಅದನ್ನು ಹೇಗೆ ಅಳೆಯುವುದೆಂದು ನಾನು ರೈಲಿನಲ್ಲೇ ಯೋಚಿಸಿದ್ದೆ. ಹೊರಗಿನ ಸುತ್ತು ಮೊದಲು ಬಿಚ್ಚಿಕೊಳ್ಳುತ್ತದೆ, ಶೆಡ್ಡಿನ ಹತ್ತಿರ ಹೋಗಿರುವುದು ಅದೇ. ಹೊರತುದಿ ಡ್ರಮ್ಮಿನ ಎಡಬದಿಗೆ ಕಟ್ಟಿತ್ತು, ದಿನಾ ಮುಟ್ಟಿ ನೋಡಿದವನಿಗೆ ಮರೆಯುತ್ತದೆಯೆ? ಹಲಗೆಯ ಎಡತುದಿಯಿಂದ ತೂತಿನ ತನಕ ಕೇಬಲ್ ತುಂಡನ್ನು ಅಡ್ಡ ಇಟ್ಟು ಇಟ್ಟು ಅಳೆದೆ. ಏಳನೆಯ ಸುತ್ತು. ಖಾಲಿ ಡ್ರಮ್ಮಿನ ಒಳಬದಿಯಲ್ಲಿ ಹೊರಗಿನ ಸುತ್ತು ಬಿಟ್ಟ ಡಾಂಬರಿನ ಗುರುತು ಇತ್ತು, ಅದರ ಮೇಲೆ ಹಗ್ಗ ಹಿಡಿದು ಅಳೆದರೆ ಸುತ್ತಿಗೆ ಎರಡೂವರೆ ಮಾರು. ಏಳು ಸುತ್ತಿಗೆ ಹದಿನೇಳೂವರೆ. ಶೆಡ್ಡಿನಲ್ಲಿ ಕತ್ತರಿಸಿ ತೆಗೆದದ್ದು ಎರಡು. ಉಳಿದದ್ದು ಹದಿನೈದೂವರೆ ಮಾರು. ಶೆಡ್ಡಿನಲ್ಲಿ ಕೇಬಲ್ಲಿನ ತುದಿ ಸೇರಿಸಿದ್ದ ಪೆಟ್ಟಿಗೆಯಿಂದ ಕೈ ಚಾಚಿ ಚಾಚಿ ಅಳೆಯುತ್ತಾ ಬಂದು ನೆಲಕ್ಕೆ ಹಾರೆ ಊರಿದೆ. "ಇಲ್ಲಿಂದ ಶೆಡ್ಡಿನ ಕಡೆಗೆ ಮೂರು ಮಾರು. ಅದರೊಳಗೆ ಸಿಗಬೇಕು."

ನಾನೇ ಅಗೆದೆ. ಯಾರನ್ನೂ ಮುಟ್ಟಗೊಡಲಿಲ್ಲ. ಇಟ್ಟಿಗೆ ತೆಗೆದು ಮರಳು ಸರಿಸಿದಾಗ ಕೇಬಲ್ಲು ಕಪ್ಪಗೆ, ಎಲ್ಲ ಕಡೆಯೂ ಒಂದೇ ಥರ ಮಲಗಿತ್ತು. ಮುನುಸ್ವಾಮಿ ಮೇಸ್ತ್ರಿ ಇಳಿದು ಬಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಅದರ ಮೇಲೆ ಸರಿಸುತ್ತಾ ಹೋದರು. ಎರಡು ಮಾರು ದಾಟಿದ ಮೇಲೆ ಹೆಬ್ಬೆರಳು ನಿಂತಿತು. ನನ್ನ ಕೈ ಹಿಡಿದು ಅಲ್ಲಿಟ್ಟರು. ಸೆಣಬಿನಲ್ಲಿ ಒಂದು ಪುಟ್ಟ ಕುಳಿ.

ಸುಲಿದು ಒಳಗಿನ ಕಾಗದದ ಒಂದು ಪಟ್ಟಿ ಕಿತ್ತು, ಕಾಯಿಸಿದ ಮೇಣದಲ್ಲಿ ಅದ್ದಿದರು. ತೇವದ ಕಾಗದ ಬಿಸಿ ಮೇಣಕ್ಕೆ ಬಿದ್ದರೆ ಸದ್ದು ಮಾಡುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಅಂದಿತು. ಸುತ್ತ ನಿಂತವರೆಲ್ಲ ಕೇಳಿದರು.

ಶೇಷಗಿರಿಯವರು ನೇರ ಮುನುಸ್ವಾಮಿ ಮೇಸ್ತ್ರಿಯ ಹತ್ತಿರ ಹೋಗಿ, "ನನ್ನದು ತಪ್ಪಾಯ್ತು" ಅಂದರು, ಎಲ್ಲರೆದುರಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಪರೀಕ್ಷೆ ಬೇಡ ಅಂದೋನು ನೀನು, ಹೂಂ ಅಂದೋನು ನಾನು. ಆದರೂ ಯಾರ್ಡು ಇನ್ನು ನಿನ್ನ ಹತ್ರ ಬಿಡಕ್ಕಾಗಲ್ಲ. ಹಾಲೇಶನಿಗೆ ಒಪ್ಪಿಸು."

ಒಪ್ಪಿಸಿದೆ. ಬೆಣೆ, ಬಾಣ, ಟೊಪ್ಪಿ, ಎಲ್ಲ ಹೇಳಿಕೊಟ್ಟೆ. ಹಾಲೇಶನ ಬಾಯಿಗೆ ಅಂದು ಒಂದೂ ತಮಾಷೆ ಬರಲಿಲ್ಲ. "ನಂಗೆ ಬೇಡಾಗಿತ್ತು ಮಾರಾಯಾ," ಅಂದ ಮೆಲ್ಲಗೆ. ನಾನು ಗಟ್ಟಿಯಾಗಿ, "ಸರಿಯಾಗಿ ನೋಡ್ಕೋ" ಅಂದೆ. ಹುಣಿಸೆ ಮರದ ಹಿಂದೆ ಹೋಗಿ ಮುಖ ತೊಳೆದುಕೊಂಡೆ. ಯಾರಿಗೂ ಕಾಣಿಸಿಲ್ಲ ಅಂದುಕೊಂಡಿದ್ದೇನೆ.

ಒದ್ದೆಯಾದ ಭಾಗ ಕತ್ತರಿಸಿ ತೆಗೆದು, ಹೊಸ ತುಂಡು ಸೇರಿಸಬೇಕಾಯಿತು. ಅಂದರೆ ಎರಡು ಜಾಯಿಂಟು. ಮುನುಸ್ವಾಮಿ ಮೇಸ್ತ್ರಿ ಸಾಮಾನು ಇಳಿಸುತ್ತಾ ಮೊದಲ ಸಲ ಮಾತಾಡಿದರು. "ಒಂದು ಹಾರಕ್ಕೆ ಎರಡು ಜಾಯಿಂಟು. ಒಳ್ಳೇ ಪೂಜೆ." ಆಮೇಲೆ, "ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ."

"ಬೆಳಿಗ್ಗೆ ತನಕ ಏನ್ ಮಾಡ್ತಿದ್ದೆ?"

"ಯೋಚನೆ ಮಾಡ್ತಿದ್ದೆ ಮೇಸ್ತ್ರಿ."

"ನಾನೂ ಯೋಚನೆ ಮಾಡ್ತಿದ್ದೆ. ಸೇಲಂ ರೈಲು ಎಷ್ಟು ಗಂಟೆಗೆ ಅಂತ."



ನಾಲ್ಕು ದಿನ ಆ ಗುಂಡಿಯಲ್ಲಿ ಅವರಿಗೆ ಬೇಕಾದದ್ದು ಎತ್ತಿಕೊಡುತ್ತಾ ಕೂತೆ. ಅವರು ಕರೆದಿರಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಕರಗಿದ ಸೀಸವನ್ನು ಸುರಿದು, ಅದು ಗಟ್ಟಿಯಾಗುವ ಮುಂಚಿನ ಒಂದೇ ನಿಮಿಷದಲ್ಲಿ ದಪ್ಪ ಬಟ್ಟೆ ಹಿಡಿದು ಸುತ್ತ ಸವರಿ ನಯ ಮಾಡಬೇಕು. ಮೊದಲನೆಯ ಜಾಯಿಂಟನ್ನು ಅವರೇ ಸವರಿದರು. ಎರಡನೆಯದಕ್ಕೆ ಸೀಸ ಸುರಿಯುತ್ತಾ ಬಟ್ಟೆಯನ್ನು ನನ್ನ ಕೈಗೆ ಎಸೆದರು. "ಸವರು. ನಿಲ್ಲಿಸಬೇಡ. ಸುಟ್ಟರೂ ನಿಲ್ಲಿಸಬೇಡ." ಸವರಿದೆ. ಸುಟ್ಟಿತು. ನಿಲ್ಲಿಸಲಿಲ್ಲ.

ಮೆಗ್ಗರ್ ತಿರುಗಿಸಿದರು. ಮುಳ್ಳು ಎದ್ದು ಮೇಲೆ ನಿಂತಿತು. ಮೇಲೇ ನಿಂತಿತು. ಜನ ಶೆಡ್ಡಿನ ಕಡೆಗೆ ಓಡಿದರು, ಅಲ್ಲಿ ದೀಪ ಹತ್ತುವುದನ್ನು ನೋಡಲು. ಮುನುಸ್ವಾಮಿ ಮೇಸ್ತ್ರಿ ಗುಂಡಿಯ ಅಂಚಿಗೆ ಕೂತು ಬೀಡಿ ತೆಗೆದರು. ಕಡ್ಡಿ ಆರಿತು. ಇನ್ನೊಂದೂ ಆರಿತು. ನಾನು ಕಡ್ಡಿಪೆಟ್ಟಿಗೆಗೆ ಕೈ ಚಾಚಿದೆ. ಅವರು ಕೊಟ್ಟರು.

"ನಾಳೆ ಹೊಟ್ಟೆ ತುಂಬ ತಿಂದು ಬಾ," ಅಂದರು, ಹೊಗೆ ಬಿಡುತ್ತಾ. "ಖಾಲಿ ಹೊಟ್ಟೇಲಿ ಸೀಸದ ಹತ್ರ ಕೂರಬಾರದು."

"ನಾಳೆ ಏನು ಕೆಲಸ ಮೇಸ್ತ್ರಿ? ನನ್ನನ್ನ ಅಗೆಯೋಕೆ ಹಾಕಿದಾರೆ."

"ಓವರ್‌ಸಿಯರಿಗೆ ಹೇಳಿದೀನಿ. ಅವರು ಹೇಳಿದ್ದು ನಿಜಾನೇ ತಂಬಿ, ಕೈ ನಡುಗ್ತದೆ. ನಡುಗದೇ ಇರೋ ಕೈ ಒಂದು ಬೇಕು."

ಮಾರನೆಯ ದಿನ ಅವ್ವ ಬೆಳಕು ಹರಿಯುವ ಮುಂಚೆ ಎದ್ದು ರೊಟ್ಟಿ ತಟ್ಟಿದಳು. ನಾಲ್ಕು ತಿಂದೆ. ಸುಟ್ಟ ಅಂಗೈಗೆ ಎಣ್ಣೆ ಸವರಿಕೊಂಡು, ಮೊದಲ ರೈಲು ಹತ್ತಿದೆ.